ಐಗ್ಲಾಸ್ ಒರೆಸಿದ ದಿನ

ನಮ್ಮ ಅಪ್ಪಾಜಿ ಕೊನೆಯವರೆಗೂ ಅರ್ಧ ವಿಭೂತಿಯನ್ನೇ ಹಚ್ಚಿಕೊಂಡರು. ಹಣೆಯ ನಟ್ಟನಡುವಿನಿಂದ ಎಡಗಿವಿಯ ಕಡೆಗೆ ಮೂರು ಗೆರೆ, ಬಲಗಡೆ ಏನೂ ಇಲ್ಲ. ಗೊತ್ತಿಲ್ಲದವರು ಬೆವರಿಗೆ ಅಳಿಸಿಹೋಗಿದೆ ಅಂದುಕೊಳ್ಳುತ್ತಿದ್ದರು. ಮಠದಿಂದ ಮನೆಗೆ ಬಂದಿದ್ದ ಅಯ್ಯನವರೊಬ್ಬರು ಮಾತ್ರ ಬಿಡದೆ ಕೇಳಿದರು, ಇದ್ಯಾವ ಪದ್ಧತಿ ಎಂದು. ಅಪ್ಪಾಜಿ ಕೈಮುಗಿದು, "ಬಲಗಡೆ ಬೇರೆಯವರು ಸೇರ್ಕೊಂಡ್ಬುಟ್ಟವ್ರೆ ಸ್ವಾಮೀ, ಅವರು ಹಚ್ಚೋಕೆ ಬುಡಲ್ಲ" ಅಂದರು. ಅಯ್ಯನವರು ನಕ್ಕರು. ನನಗೆ ನಗು ಬರಲಿಲ್ಲ. ಆ ಬೇರೆಯವರು ಒಳಗೆ ಬರುವಾಗ ಬಾಗಿಲಲ್ಲಿ ನಿಂತು ಕಾಯಬೇಕಾಗಿದ್ದವಳು ನಾನು. ನಾನು ಹಿತ್ತಲ ಬಾಗಿಲು ಕಾಯುತ್ತಾ ಕೂತಿದ್ದೆ.

ಅಪ್ಪಾಜಿ ವಾಚ್ ರಿಪೇರಿ ಮಾಡುತ್ತಿದ್ದರು. ಮೈಸೂರಿನ ಚಿಕ್ಕಗಡಿಯಾರದ ಹತ್ತಿರ ಒಂದು ಓಣಿಯಲ್ಲಿ, ಇಬ್ಬರು ನಿಂತರೆ ಮೂರನೆಯವರು ರಸ್ತೆಗೆ ಇಳಿಯಬೇಕಾದಷ್ಟು ಅಗಲದ ಅಂಗಡಿ. ಕಣ್ಣಿಗೆ ಸಿಕ್ಕಿಸಿಕೊಳ್ಳುವ ಸಣ್ಣ ಕರಿ ಬಟ್ಟಲಿನಂಥ ಮಸೂರವೊಂದು ಅವರ ಬಳಿ ಇತ್ತು. ವಾಚಿನವರು ಅದನ್ನು ಐಗ್ಲಾಸ್ ಅನ್ನುತ್ತಾರೆ. ಮೂವತ್ತು ವರ್ಷ ಅದನ್ನು ಬಲಗಣ್ಣಿಗೆ ಸಿಕ್ಕಿಸಿ ಸಿಕ್ಕಿಸಿ ಕಣ್ಣಿನ ಸುತ್ತ ಒಂದು ಬಳೆ ಮೂಡಿತ್ತು. ಎಡಗಣ್ಣು ಬರೀ ದಾರಿ ನೋಡುವುದಕ್ಕೆ, ಬಲಗಣ್ಣು ಅನ್ನಕ್ಕೆ ಎಂದು ಅವರೇ ತಮಾಷೆ ಮಾಡುತ್ತಿದ್ದರು.

ಕಥೆ ಅರ್ಥವಾಗಬೇಕಾದರೆ ಆ ಬೇರೆಯವರು ಬರುವುದಕ್ಕೂ ಹದಿಮೂರು ವರ್ಷ ಹಿಂದಕ್ಕೆ ಹೋಗಬೇಕು. ತೊಂಬತ್ತರ ದಶಕದ ಶುರು, ನನ್ನ ಎರಡನೇ ಪಿಯುಸಿ ಪರೀಕ್ಷೆಗೆ ಇನ್ನು ಮೂರು ವಾರ. ಒಂದು ಬೆಳಿಗ್ಗೆ ಮೈಯೆಲ್ಲ ನೀರುಗುಳ್ಳೆ. ಅವ್ವ ನೋಡಿದವಳೇ ಕೆನ್ನೆ ಕೆನ್ನೆ ಬಡಿದುಕೊಂಡು, "ಅಮ್ಮ ಬಂದವ್ಳೆ" ಅಂದಳು. ಅಂದಿನಿಂದ ಮನೆಯಲ್ಲಿ ಒಗ್ಗರಣೆ ಬಂದ್. ಬಾಗಿಲಿಗೆ ಬೇವಿನ ಸೊಪ್ಪು. ಅವ್ವನಿಗೆ ಚಿಕ್ಕಂದಿನಲ್ಲಿ ಅಮ್ಮ ಬಂದಿರಲಿಲ್ಲವಾದ್ದರಿಂದ ಅವಳನ್ನು ತಂಗಿಯ ಮನೆಗೆ ಕಳಿಸಿ, ಅಪ್ಪಾಜಿ ಹನ್ನೊಂದು ದಿನ ಅಂಗಡಿ ಮುಚ್ಚಿ ನನ್ನ ಹತ್ತಿರ ಕೂತರು.

ನಾನು ಕೆರೆದುಕೊಳ್ಳದ ಹಾಗೆ ಎರಡೂ ಕೈ ಹಿಡಿದುಕೊಳ್ಳುತ್ತಿದ್ದರು. ನವೆ ತಡೆಯದೆ ನಾನು ಬೈದರೆ ಬೈಸಿಕೊಳ್ಳುತ್ತಿದ್ದರು. "ನಿಮಗೂ ಅಂಟುತ್ತೆ, ಹೋಗಿ ಆಚೆ" ಅಂದರೆ, "ನಂಗೆ ಆರು ವರ್ಷಕ್ಕೇ ಬಂದು ಹೋಗದೆ ಕಣಮ್ಮ. ಒಂದ್ಸಲ ಬಂದೋರಿಗೆ ಇನ್ನೊಂದ್ಸಲ ಬರಲ್ಲ" ಅನ್ನುತ್ತಿದ್ದರು. ಗುಳ್ಳೆ ಒಣಗತೊಡಗಿದ ಮೇಲೆ ಅಂಗಡಿಯಿಂದ ಐಗ್ಲಾಸ್ ತಂದು, ನನ್ನ ಮುಖವನ್ನು ಬೆಳಕಿಗೆ ತಿರುಗಿಸಿ, ಒಂದೊಂದೇ ಹೊಪ್ಪಳೆಯನ್ನು ವಾಚಿನ ಚಕ್ರ ನೋಡುವ ಹಾಗೆ ನೋಡಿದರು. "ಒಂದೂ ಕಲೆ ಉಳಿಯಲ್ಲ. ನಾನು ಗ್ಯಾರಂಟಿ" ಅಂದರು. ಕಲೆ ಉಳಿಯಲಿಲ್ಲ. ಪರೀಕ್ಷೆಯೂ ಪಾಸಾಯಿತು. ಬಂದದ್ದು ಹೋಯಿತು ಎಂದು ನಾನು ತಿಳಿದೆ. ಆಮೇಲೆ ಬಿಎಸ್ಸಿ, ಬಿಎಡ್ ಮಾಡಿ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್ ಕೂಡ ಆದೆ. ಪ್ರತಿ ವರ್ಷ ಒಂಬತ್ತನೇ ತರಗತಿಗೆ ವೈರಸ್ ಪಾಠ ಮಾಡುತ್ತಿದ್ದೆ. ಆ ಪಾಠದಲ್ಲಿ ನಾನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯುತ್ತಿದ್ದ ಒಂದು ವಾಕ್ಯವಿತ್ತು: ವೈರಸ್‌ಗೆ ಔಷಧಿ ಇಲ್ಲ, ತಾನಾಗಿ ಬರುತ್ತದೆ, ತಾನಾಗಿ ಹೋಗುತ್ತದೆ.

ಎರಡು ಸಾವಿರದ ನಾಲ್ಕು, ಫೆಬ್ರವರಿ. ಬುಧವಾರ ಅಪ್ಪಾಜಿ ತಲೆ ಬಾಚಿಕೊಳ್ಳುವಾಗ ಬಾಚಣಿಗೆ ಕೆಳಗಿಟ್ಟು, "ಕೂದಲೇ ನೋಯ್ತದಲ್ಲ, ಇದೆಂಥ ವಿಚಿತ್ರ" ಅಂದರು. ಬಲಗಡೆ ಮಾತ್ರ. ಗುರುವಾರ ಲಿಂಗಪೂಜೆಗೆ ಕೂತು ವಿಭೂತಿ ಹಚ್ಚಿಕೊಂಡವರು ಹಾ ಎಂದು ಕೈ ತೆಗೆದರು. ಹಣೆಗೆ ಕೆಂಡ ಮುಟ್ಟಿಸಿದ ಹಾಗಾಯಿತಂತೆ. ಬಿಸಿಲಿನ ತಲೆನೋವು ಇರಬೇಕೆಂದು ಅವ್ವ ಗಂಧ ತೇಯ್ದು ಹಚ್ಚಹೋದರೆ ಮುಟ್ಟಗೊಡಲಿಲ್ಲ. ಶುಕ್ರವಾರ ಬೆಳಿಗ್ಗೆ ಮುಖ ತೊಳೆಯಲು ಹೋದವರು ಕನ್ನಡಿಯ ಮುಂದೆ ನಿಂತು ನನ್ನನ್ನು ಕೂಗಿದರು. ಬಲ ಹುಬ್ಬಿನ ಮೇಲಿಂದ ನೆತ್ತಿಯವರೆಗೆ ಕೆಂಪು ಚರ್ಮದ ಮೇಲೆ ಸಾಬಕ್ಕಿ ಚೆಲ್ಲಿದ ಹಾಗೆ ಗುಳ್ಳೆಗಳು. ನಡುಹಣೆಗೆ ಬಂದು ಗೆರೆ ಎಳೆದ ಹಾಗೆ ನಿಂತಿದ್ದವು.

"ಸರ್ಪಸುತ್ತು" ಅಂದಳು ಅವ್ವ, ಮೆಲ್ಲಗೆ.

ನಮ್ಮ ಕಡೆ ಸರ್ಪಸುತ್ತು ಅಂದರೆ ಎಲ್ಲರಿಗೂ ಒಂದೇ ಭಯ. ಗುಳ್ಳೆಗಳ ಸಾಲು ಹಾವು. ಅದಕ್ಕೊಂದು ತಲೆ, ಒಂದು ಬಾಲ. ಅದು ಮೈಯನ್ನು ಸುತ್ತಿ ತಲೆಯೂ ಬಾಲವೂ ಕೂಡಿದರೆ ಮನುಷ್ಯ ಉಳಿಯುವುದಿಲ್ಲ. ಆದ್ದರಿಂದ ಕೂಡದ ಹಾಗೆ ಕೆಮ್ಮಣ್ಣಿನಲ್ಲಿ ಕಟ್ಟೆ ಹಾಕಬೇಕು. ಅದರಲ್ಲಿ ಕೈಪಳಗಿದವರು ಅಪ್ಪಾಜಿಯ ಅಕ್ಕ, ನಮ್ಮ ದೊಡ್ಡತ್ತೆ. ಸುದ್ದಿ ಮುಟ್ಟಿ ಒಂದು ಗಂಟೆಯೊಳಗೆ ಆಟೋದಲ್ಲಿ ಬಂದಿಳಿದರು, ಸೆರಗಿನಲ್ಲಿ ಕೆಮ್ಮಣ್ಣಿನ ಉಂಡೆ ಕಟ್ಟಿಕೊಂಡು.

ನಾನು ಸುಮ್ಮನಿದ್ದೆ ಅಂತಲ್ಲ. "ಡಾಕ್ಟರಿಗೆ ತೋರಿಸೋಣ" ಅಂದೆ. ದೊಡ್ಡತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸರ್ಪಸುತ್ತಿಗೆ ಇಂಜೆಕ್ಷನ್ ಕೊಡುಸ್ದ್ರೆ ಒಳಕ್ಕೆ ಸೇರ್ಕೊತದೆ ಕಣಮ್ಮಿ. ಅದಕ್ಕೆಲ್ಲಿ ಅವ್ರ ತಾವ ಔಷ್ದಿ? ನೀನೇ ಹೇಳು, ಓದ್ದೋಳು. ಅದೆಯಾ?" ಎಂದು ಕೇಳಿದರು.

ಅಲ್ಲಿ ನಾನು ಸಿಕ್ಕಿಬಿದ್ದೆ. ಇದು ವೈರಸ್ ಎಂದು ನನಗೆ ಗೊತ್ತಿತ್ತು. ವೈರಸ್‌ಗೆ ಔಷಧಿ ಇಲ್ಲವೆಂದೂ ಗೊತ್ತಿತ್ತು, ನಾನೇ ಬೋರ್ಡಿನ ಮೇಲೆ ಬರೆದದ್ದಲ್ಲವೆ? "ಔಷಧಿ ಅಂತ ಏನೂ ಇಲ್ಲ, ಎರಡು ವಾರದಲ್ಲಿ ತಾನೇ ಹೋಗುತ್ತೆ" ಅಂದುಬಿಟ್ಟೆ. ದೊಡ್ಡತ್ತೆಯ ಮುಖ ಅರಳಿತು. ಅವರ ನಂಬಿಕೆಯೂ ನನ್ನ ಅರೆವಿದ್ಯೆಯೂ ಆವತ್ತು ಒಂದೇ ಮಣೆಯ ಮೇಲೆ ಕೂತವು. ಅಲ್ಪ ವಿದ್ಯಾ ಮಹಾಗರ್ವಿ ಎಂದು ಮಕ್ಕಳಿಗೆ ಗಾದೆ ಹೇಳಿಕೊಡುವ ನನಗೆ ಅದು ನನ್ನ ಮೇಲೇ ಕಟ್ಟಿದ್ದೆಂದು ಹೊಳೆಯಲಿಲ್ಲ.

ಕೆಮ್ಮಣ್ಣು ಅರೆದು ಹಣೆಗೂ ನೆತ್ತಿಗೂ ಬಳಿದದ್ದಾಯಿತು. ನಡುಹಣೆಯಲ್ಲಿ ಒಂದು ದಪ್ಪ ಗೆರೆ, ಕಿವಿಯ ಹಿಂದೆ ಇನ್ನೊಂದು. ಕಟ್ಟಳೆ ಏನೆಂದರೆ ಮೂರು ದಿನ ತೊಳೆಯಬಾರದು, ಬಿಸಿಲಿಗೆ ಹೋಗಬಾರದು, ಹಾವಿನ ಹೆಸರು ಹೇಳಬಾರದು. ಮನೆಯವರಲ್ಲಿ ಒಬ್ಬರು ದಿನಕ್ಕೆ ಎರಡು ಸಲ ತಲೆಯ ಹಿಂಭಾಗ ನೋಡುತ್ತಿರಬೇಕು, ಅದು ಸುತ್ತಿ ಬರುತ್ತಿದೆಯೇ ಎಂದು. ಆ ಕೆಲಸ ನನಗೆ ಬಂತು. ನಾನು ವಿಜ್ಞಾನದವಳು ನೋಡಿ, ಕಣ್ಣಂದಾಜಿನಲ್ಲಿ ನೋಡುವುದು ಸರಿಬೀಳಲಿಲ್ಲ. ಶಾಲೆಯ ಪ್ಲಾಸ್ಟಿಕ್ ಸ್ಕೇಲ್ ತಂದೆ. ಅಪ್ಪಾಜಿಯ ತಲೆ ಬಗ್ಗಿಸಿ, ಕೂದಲು ಬಿಡಿಸಿ, ಕೊನೆಯ ಗುಳ್ಳೆಯಿಂದ ನಡುನೆತ್ತಿಗೆ ಎಷ್ಟು ಸೆಂಟಿಮೀಟರ್ ಎಂದು ಅಳೆದು, ಕ್ಯಾಲೆಂಡರಿನ ಮೇಲೆ ಬರೆದೆ. ಶುಕ್ರವಾರ ಸಂಜೆ ಎಷ್ಟಿತ್ತೋ ಶನಿವಾರ ಬೆಳಿಗ್ಗೆಯೂ ಅಷ್ಟೇ ಇತ್ತು. "ಒಂದು ಕೂದಲೆಳೆಯಷ್ಟೂ ಮುಂದಕ್ಕೆ ಹೋಗಿಲ್ಲ" ಎಂದು ಕೂಗಿ ಹೇಳಿದೆ. ಅವ್ವ ಕೈಮುಗಿದಳು. ದೊಡ್ಡತ್ತೆ, ನಾನು ಹೇಳಲಿಲ್ಲವೇ ಎಂಬಂತೆ ಎಲೆಯಡಿಕೆ ಹಾಕಿಕೊಂಡರು.

ಅದೇ ಶನಿವಾರ ಬೆಳಿಗ್ಗೆ ಅಪ್ಪಾಜಿಯ ಮೂಗಿನ ತುದಿಯಲ್ಲಿ, ಬಲಬದಿಗೆ, ಎರಡು ಗುಳ್ಳೆ ಎದ್ದಿದ್ದವು. ಸಾಸಿವೆಕಾಳಿನಷ್ಟು. ಮೊದಲು ನೋಡಿದವಳು ನಾನೇ.

ದೊಡ್ಡತ್ತೆಯನ್ನು ಕರೆದು ತೋರಿಸಿದೆ. ಅವರು ಬಗ್ಗಿ ನೋಡಿ ಖುಷಿಪಟ್ಟರು. "ಒಳ್ಳೇದೇ ಆಯ್ತು ಬುಡು. ಮ್ಯಾಲಿಂದ ಕೆಳಕ್ಕೆ ಇಳೀತಾ ಅದೆ. ಮೂಗಿಗೆ ಬಂದದ್ದು ಅಲ್ಲಿಂದ ಉದುರೋಯ್ತದೆ" ಅಂದರು. ಮೂಗಿಗೆ ಕೆಮ್ಮಣ್ಣು ಹಚ್ಚಿದರೆ ಉಸಿರಿಗೆ ತೊಂದರೆ ಎಂದು ಅದನ್ನು ಹಾಗೇ ಬಿಟ್ಟರು. ಅಪ್ಪಾಜಿ ಕನ್ನಡಿ ನೋಡಿಕೊಂಡು, ಮೂಗುಬೊಟ್ಟು ಬಂತಲ್ಲ ನಂಗೆ ಎಂದು ನಕ್ಕರು. ನಾವೂ ನಕ್ಕೆವು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ಆ ನಗು ನೆನಪಾದರೆ ಈಗಲೂ ನನ್ನನ್ನೇ ಹಿಡಿದು ಬಡಿಯಬೇಕು ಅನ್ನಿಸುತ್ತದೆ.

ಮಧ್ಯಾಹ್ನದ ಮೇಲೆ ನೋವು ಸ್ವಲ್ಪ ತಗ್ಗಿತೆಂದು ಅಪ್ಪಾಜಿ ಕಿಟಕಿಯ ಪಕ್ಕದ ಮೇಜಿಗೆ ಬಂದು ಕೂತರು. ರಾಜೀವನಗರದಿಂದ ಬರುತ್ತಿದ್ದ ನಿವೃತ್ತ ಮೇಷ್ಟ್ರೊಬ್ಬರ ವಾಚು ಅವರ ಕೈಯಲ್ಲಿತ್ತು. ತೀರಿಕೊಂಡ ಹೆಂಡತಿಯದು, ದಿನಾ ಕೀ ಕೊಡುವ ಹಳೇ ವಾಚು. ಅದರ ಹೇರ್‌ಸ್ಪ್ರಿಂಗ್ ತಿರುಚಿಕೊಂಡಿತ್ತು. ಕೂದಲಿಗಿಂತ ಸಪೂರವಾದ ಸುರುಳಿ ಅದು. ಎರಡು ಚಿಮಟ ಹಿಡಿದು ಉಸಿರು ಕಟ್ಟಿ ನೇರ ಮಾಡಬೇಕು. ನಾನು ಪಕ್ಕದಲ್ಲೇ ಕೂತು ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದೆ.

ಅಪ್ಪಾಜಿ ಐಗ್ಲಾಸ್ ಸಿಕ್ಕಿಸಿದರು, ತೆಗೆದರು. ಮತ್ತೆ ಸಿಕ್ಕಿಸಿದರು. "ಮಂಜು ಕಟ್ಟದೆ ಕಣಮ್ಮ. ಒಸಿ ಒರೆಸಿಕೊಡು" ಎಂದು ನನ್ನ ಕಡೆ ಚಾಚಿದರು. ನಾನು ತಲೆಯೆತ್ತದೆ ತೆಗೆದುಕೊಂಡು, ಊದಿ, ಸೆರಗಿನ ತುದಿಯಿಂದ ಒರೆಸಿ ಕೊಟ್ಟೆ. ಎರಡು ನಿಮಿಷವಾಗಿರಲಿಲ್ಲ, ಮತ್ತೆ ಚಾಚಿದರು. "ಇನ್ನೊಂದ್ಸಲ ಒರೆಸು, ಸರ್ಯಾಗಿ ಹೋಗಿಲ್ಲ." ಆಗ ನನಗೆ ಸಿಡಿಮಿಡಿ ಬಂತು. ಇನ್ನೂ ನಲವತ್ತು ಪೇಪರು ಬಾಕಿ ಇದ್ದವು. ವಾಚಿನ ಪೆಟ್ಟಿಗೆಯಲ್ಲಿದ್ದ ಮೆತ್ತನೆಯ ಚರ್ಮದ ತುಂಡಿನಿಂದ ಹಿಂದೆ ಮುಂದೆ ತಿಕ್ಕಿ, "ಇದಕ್ಕಿಂತ ಚೊಕ್ಕಟ ಮಾಡೋಕೆ ನನ್ನ ಕೈಲಾಗಲ್ಲ" ಎಂದು ಮೇಜಿನ ಮೇಲೆ ಇಟ್ಟೆ. ಅಪ್ಪಾಜಿ ಅದನ್ನು ಮತ್ತೆ ಕಣ್ಣಿಗೆ ಇಟ್ಟುಕೊಳ್ಳಲಿಲ್ಲ. ವಾಚನ್ನು ಗಾಜಿನ ಬಟ್ಟಲಲ್ಲಿ ಮುಚ್ಚಿಟ್ಟು, "ನಾಳೆ ನೋಡಣ" ಎಂದು ಎದ್ದುಹೋದರು.

ಭಾನುವಾರ ಬಲಗಣ್ಣು ಕೆಂಪಾಗಿತ್ತು. ಬೆಳಕು ನೋಡಲಾಗದೆ ಕಿಟಕಿಗೆ ಬೆಡ್‌ಶೀಟ್ ಕಟ್ಟಿಸಿಕೊಂಡರು. "ಕೆಮ್ಮಣ್ಣು ಒಣಗಿ ಉದುರಿ ಕಣ್ಣಿಗೆ ಬಿದ್ದದೆ, ಇನ್ನೇನಿಲ್ಲ" ಅಂದರು ದೊಡ್ಡತ್ತೆ. ನಿಜವೇ ಇರಬೇಕು ಅನ್ನಿಸಿತು, ರೆಪ್ಪೆಯ ಮೇಲೆಲ್ಲ ಕೆಂಪು ಪುಡಿ ಕೂತಿತ್ತು. ನಾನು ಸ್ಕೇಲ್ ತೆಗೆದುಕೊಂಡು ತಲೆಯ ಹಿಂಭಾಗ ಅಳೆದೆ. ಅಷ್ಟೇ ಇತ್ತು. ಕ್ಯಾಲೆಂಡರಿನಲ್ಲಿ ಬರೆದೆ. ಅಪ್ಪಾಜಿ ಊಟಕ್ಕೆ ಕೂತಾಗ ನೀರಿನ ಲೋಟವನ್ನು ಹುಡುಕಿ ಹಿಡಿದರು. ನಾನು ನೋಡಿದೆ. ನೋಡಿ, ಬೆಳಕಿಲ್ಲವಲ್ಲ ಅದಕ್ಕೆ ಎಂದು ನನಗೆ ನಾನೇ ಹೇಳಿಕೊಂಡೆ.

ಸೋಮವಾರ ಬೆಳಿಗ್ಗೆ ಕೆಮ್ಮಣ್ಣು ತೊಳೆಯುವ ದಿನ. ಒಂಬತ್ತು ಗಂಟೆ ಹೊತ್ತಿಗೆ ಅಪ್ಪಾಜಿಯನ್ನು ಜಗಲಿಯಲ್ಲಿ ಕೂರಿಸಿ ಬೇವಿನ ನೀರು ತರುತ್ತಿದ್ದೆವು. ಆಗ ಎದುರು ಮನೆಯ ನರ್ಸಮ್ಮ ಬ್ಯಾಗ್ ಹಿಡಿದು ಆಟೋ ಇಳಿದರು. ಅವರದು ಬಹಳ ಕಾಲದಿಂದ ಮೈಸೂರಿನಲ್ಲೇ ಇರುವ ಕ್ರೈಸ್ತರ ಮನೆ. ಮೂವತ್ತೈದು ವರ್ಷ ಆಸ್ಪತ್ರೆಯಲ್ಲಿ ದುಡಿದು ನಿವೃತ್ತರಾಗಿದ್ದವರು. ಮೊಮ್ಮಗುವಿನ ದೀಕ್ಷಾಸ್ನಾನಕ್ಕೆಂದು ಗುರುವಾರವೇ ಮಗಳ ಊರಿಗೆ ಹೋಗಿದ್ದರು. ಅವರಿದ್ದಿದ್ದರೂ ನಾವು ಕೇಳುತ್ತಿದ್ದೆವೋ ಇಲ್ಲವೋ. ಹಿತ್ತಲ ಗಿಡ ಮದ್ದಲ್ಲ ನೋಡಿ.

ಬ್ಯಾಗ್ ಗೇಟಿನಲ್ಲೇ ಬಿಟ್ಟು ನೇರ ನಮ್ಮ ಜಗಲಿಗೆ ಬಂದರು. ಹಣೆ ನೋಡಲಿಲ್ಲ, ಕೆಮ್ಮಣ್ಣು ನೋಡಲಿಲ್ಲ. ಅಪ್ಪಾಜಿಯ ಗಲ್ಲ ಹಿಡಿದು ಎತ್ತಿ ಮೂಗಿನ ತುದಿ ನೋಡಿದರು.

"ಇದು ಯಾವತ್ತು ಎದ್ದಿದ್ದು?"

"ಶನಿವಾರ" ಅಂದೆ.

"ಕಣ್ಣಿನ ಡಾಕ್ಟರಿಗೆ ತೋರುಸ್ದ್ರಾ?"

"ಕಣ್ಣಿಗೆ ಕೆಮ್ಮಣ್ಣು ಬಿದ್ದು..."

"ಕೆಮ್ಮಣ್ಣಲ್ಲ ಕಣಮ್ಮ! ಮೂಗಿನ ತುದಿಗೂ ಕಣ್ಣಿನ ಒಳಕ್ಕೂ ಹೋಗೋದು ಒಂದೇ ನರ. ಇಲ್ಲಿ ಬಂತು ಅಂದ್ರೆ ಅಲ್ಲೂ ಬಂದದೆ ಅಂತಲೇ ತಿಳ್ಕೋಬೇಕು. ಟೀಚರಮ್ಮ ನೀನು, ಮನೇಲೇ ಇದ್ದೆ, ಒಂದು ಫೋನ್ ಮಾಡ್ಬಾರದಿತ್ತಾ?" ಅಂದವರೇ ತಾವು ಬಂದ ಆಟೋ ತಿರುವಿನಲ್ಲಿ ಮರೆಯಾಗುವ ಮೊದಲು ಚಪ್ಪಾಳೆ ತಟ್ಟಿ ಕೂಗಿ ನಿಲ್ಲಿಸಿದರು.

ಕೆಮ್ಮಣ್ಣು ಬಳಿದ ಮುಖದಲ್ಲೇ ಅಪ್ಪಾಜಿ ಆಟೋ ಹತ್ತಿದರು. ಆ ದಾರಿ ಹದಿನೈದು ನಿಮಿಷದ್ದು. ನನಗೆ ಪ್ರತಿಯೊಂದು ಸಿಗ್ನಲ್ಲೂ ನೆನಪಿದೆ. ನರ್ಸಮ್ಮ ನಡುವೆ ಕೂತು ಕೊರಳಿನ ಶಿಲುಬೆಯನ್ನು ಹಿಡಿದುಕೊಂಡಿದ್ದರು. ಅಪ್ಪಾಜಿ ಎದೆಯ ಮೇಲಿನ ಲಿಂಗವನ್ನು ಹಿಡಿದುಕೊಂಡಿದ್ದರು. ನಾನು ಆಟೋದ ಕಂಬಿ ಹಿಡಿದುಕೊಂಡಿದ್ದೆ.

ಕಣ್ಣಿನ ಡಾಕ್ಟರ್ ವಯಸ್ಸಾದವರು, ಮಾತು ಕಮ್ಮಿ. ಗುಳ್ಳೆ ಎದ್ದದ್ದು ಯಾವಾಗ ಎಂದು ಕೇಳಿದರು. ನಾನು ಶುಕ್ರವಾರ ಅನ್ನುವಷ್ಟರಲ್ಲಿ ಅಪ್ಪಾಜಿ, "ಶುಕ್ರವಾರ ಬೆಳಿಗ್ಗೆ ಆರೂ ಇಪ್ಪತ್ತು" ಅಂದರು. ಡಾಕ್ಟರ್ ಗೋಡೆ ಗಡಿಯಾರ ನೋಡಿದರು. ಒಂಬತ್ತೂವರೆ. ಅಪ್ಪಾಜಿಯೇ ಲೆಕ್ಕ ಹೇಳಿದರು. "ಎಪ್ಪತ್ತೈದು ಗಂಟೆ ಹತ್ತು ನಿಮಿಷ, ಸಾರ್. ಯಾಕೆ, ತಡ ಆಯ್ತಾ?"

"ಮೂರು ದಿನದ ಒಳಗೆ ಮಾತ್ರೆ ಶುರು ಮಾಡಿದರೆ ಒಳ್ಳೆಯದು. ಈಗಲೂ ಮಾಡೋಣ" ಅಂದರು ಡಾಕ್ಟರ್.

ಮಾತ್ರೆ. ಇದಕ್ಕೆ ಮಾತ್ರೆ ಇತ್ತು! ದಿನಕ್ಕೆ ಐದು ಸಲ, ಹೊತ್ತು ತಪ್ಪದೆ, ಒಂದು ವಾರ. ಯಾವ ಮೆಡಿಕಲ್ ಸ್ಟೋರಿನಲ್ಲಾದರೂ ಸಿಗುವ ಮಾತ್ರೆ. ನಮ್ಮ ಬೀದಿಯ ಮೂಲೆಯಲ್ಲೇ ಒಂದು ಮೆಡಿಕಲ್ ಸ್ಟೋರಿತ್ತು. ನಾವು ಕೆಮ್ಮಣ್ಣು ಒಣಗಲೆಂದು ಕಾದದ್ದೂ ಮೂರು ದಿನ.

ಕಿತ್ತಳೆ ಬಣ್ಣದ ಹನಿ ಹಾಕಿ, ನೀಲಿ ಬೆಳಕು ಬಿಟ್ಟು ಡಾಕ್ಟರ್ ಬಹಳ ಹೊತ್ತು ನೋಡಿದರು. ಕರಿಗುಡ್ಡೆಯ ಮೇಲೆ ಹುಣ್ಣಾಗಿದೆ, ಒಳಗೂ ಉರಿಯೂತ ಇದೆ ಅಂದರು. ಉಳಿಯುತ್ತದೆಯೇ ಎಂದು ಕೇಳಿದೆ. "ಕಣ್ಣು ಉಳಿಯುತ್ತೆ. ನೋಟ ಎಷ್ಟು ಉಳಿಯುತ್ತೆ ಅಂತ ಈಗ ಹೇಳೋಕಾಗಲ್ಲ" ಅಂದರು. ಆಮೇಲೆ ನನ್ನ ಕಡೆ ತಿರುಗಿ, ಇವರಿಗೆ ಚಿಕ್ಕಂದಿನಲ್ಲಿ ಅಮ್ಮ ಬಂದಿತ್ತೇ ಎಂದು ವಿಚಾರಿಸಿದರು. ಆರು ವರ್ಷಕ್ಕೆ ಎಂದೆ. "ಅದೇ ಇದು" ಅಂದರು. ಅಮ್ಮ ಬಂದವರ ಮೈಯಿಂದ ಗುಳ್ಳೆ ಹೋಗುತ್ತದೆ, ವೈರಸ್ ಹೋಗುವುದಿಲ್ಲ. ನರದ ಬುಡದಲ್ಲಿ ಅಡಗಿ ಕೂತಿರುತ್ತದೆ. ಐವತ್ತು ವರ್ಷ ಬೇಕಾದರೂ ಕೂತಿರುತ್ತದೆ. ವಯಸ್ಸಾಗಿ ಮೈಯ ಕಾವಲು ಸಡಿಲವಾದಾಗ ಅದೇ ನರದ ದಾರಿ ಹಿಡಿದು ಹೊರಗೆ ಬರುತ್ತದೆ. ಒಂದು ನರ ಒಂದೇ ಪಕ್ಕಕ್ಕೆ ಸೇರಿದ್ದು, ಹಾಗಾಗಿ ನಡುಗೆರೆ ದಾಟುವುದು ತೀರಾ ಅಪರೂಪ.

ಅಂದರೆ ಹಾವಿನ ತಲೆಯೂ ಬಾಲವೂ ಕೂಡುವ ಹಾಗೇ ಇರಲಿಲ್ಲ. ಕೆಮ್ಮಣ್ಣು ಹಾಕಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಅದಕ್ಕೇ ದೊಡ್ಡತ್ತೆಯ ಕಟ್ಟೆ ಇಷ್ಟು ವರ್ಷ ಒಂದು ಸಲವೂ ಸೋತಿರಲಿಲ್ಲ. ನಾನು ಸ್ಕೇಲ್ ಹಿಡಿದು ಅಳೆಯುತ್ತಿದ್ದ ಜಾಗದಲ್ಲಿ ಯಾವತ್ತೂ ಏನೂ ಆಗುತ್ತಿರಲಿಲ್ಲ.

ಒಂದು ವಾರ ಅಪ್ಪಾಜಿ ಅಲಾರಾಂ ಇಟ್ಟುಕೊಂಡು ಮಾತ್ರೆ ನುಂಗಿದರು. ಗುಳ್ಳೆ ಒಣಗಿತು, ಹೊಪ್ಪಳೆ ಉದುರಿತು. ಕಣ್ಣಿನ ಕೆಂಪು ಇಳಿಯಲು ಎರಡು ತಿಂಗಳಾಯಿತು. ಪ್ರತಿ ವಾರ ಆಸ್ಪತ್ರೆಗೆ ಹೋಗುತ್ತಿದ್ದೆವು. ಗೋಡೆಯ ಮೇಲಿನ ಅಕ್ಷರಗಳಲ್ಲಿ ಅಪ್ಪಾಜಿಗೆ ಮೊದಲ ಸಾಲು ಕಂಡರೆ ಮುಂದಿನ ವಾರ ಎರಡನೆಯದೂ ಕಾಣಬಹುದೆಂದು ನಾನು ಮನಸ್ಸಿನಲ್ಲಿ ಹರಕೆ ಹೊರುತ್ತಿದ್ದೆ. ಎರಡನೆಯ ಸಾಲಿನಿಂದ ಕೆಳಕ್ಕೆ ಅವರು ಇಳಿಯಲೇ ಇಲ್ಲ.

ಏಪ್ರಿಲ್‌ನಲ್ಲಿ ಒಂದು ದಿನ ಡಾಕ್ಟರ್ ಹತ್ತಿಯ ಚೂರನ್ನು ಎಳೆಯಾಗಿ ಹೊಸೆದು ಅಪ್ಪಾಜಿಯ ಎಡಗಣ್ಣಿನ ಕರಿಗುಡ್ಡೆಗೆ ಮೆಲ್ಲಗೆ ತಾಗಿಸಿದರು. ರೆಪ್ಪೆ ತಟ್ಟನೆ ಮುಚ್ಚಿಕೊಂಡಿತು. ಬಲಗಣ್ಣಿಗೆ ತಾಗಿಸಿದರು. ರೆಪ್ಪೆ ಅಲುಗಲಿಲ್ಲ. ಇನ್ನೊಂದು ಸಲ ತಾಗಿಸಿದರು. ಹತ್ತಿಯ ಎಳೆ ಕಣ್ಣಿನ ಮೇಲೆ ಬಾಗಿ ನಿಂತಿದೆ, ಅಪ್ಪಾಜಿ ತಣ್ಣಗೆ ಎದುರಿನ ಗೋಡೆ ನೋಡುತ್ತಾ, "ಶುರು ಮಾಡಿ ಸಾರ್" ಅನ್ನುತ್ತಿದ್ದಾರೆ. ನಾನು ಬಾಯಿಗೆ ಸೆರಗು ಒತ್ತಿಕೊಂಡು ಹೊರಗೆ ಬಂದೆ. ಮುಟ್ಟಿದ್ದೇ ಗೊತ್ತಾಗದ ಕಣ್ಣಿಗೆ ಧೂಳು ಬಿದ್ದರೂ ಗೊತ್ತಾಗುವುದಿಲ್ಲ, ಹುಣ್ಣಾದರೂ ಗೊತ್ತಾಗುವುದಿಲ್ಲ. ಆ ಕಣ್ಣಿಗೆ ಇನ್ನು ಐಗ್ಲಾಸ್ ಇಡಕೂಡದು ಎಂದು ಡಾಕ್ಟರ್ ಖಡಾಖಂಡಿತವಾಗಿ ಹೇಳಿದರು.

ವಿಪರ್ಯಾಸ ನೋಡಿ, ಕಣ್ಣಿಗೆ ಸ್ಪರ್ಶವೇ ಇಲ್ಲ, ಹಣೆಗೆ ಗಾಳಿ ಸೋಕಿದರೂ ಪ್ರಾಣ ಹೋಗುವಷ್ಟು ನೋವು. ಚರ್ಮ ವಾಸಿಯಾಗಿ ವರ್ಷ ಕಳೆದರೂ ಒಳಗಿನ ನರ ಉರಿಯುತ್ತಲೇ ಇತ್ತು. ಫ್ಯಾನ್ ಹಾಕುವ ಹಾಗಿಲ್ಲ, ದಿಂಬಿಗೆ ಬಲಗಡೆ ಒರಗುವ ಹಾಗಿಲ್ಲ, ಮಳೆಹನಿ ಬಿದ್ದರೆ ಸೂಜಿ ಚುಚ್ಚಿದ ಹಾಗೆ. ನೋವಿನ ಮಾತ್ರೆ ನುಂಗಿದರೆ ಹಗಲೆಲ್ಲ ತೂಕಡಿಕೆ. ಒಂದು ದಿನ ಸೊಳ್ಳೆ ಓಡಿಸಲು ಅವ್ವ ಬೀಸಿದ ಟವೆಲಿನ ತುದಿ ಹಣೆಗೆ ತಗುಲಿ, ಯಾವತ್ತೂ ಗದರದ ಮನುಷ್ಯ ತಟ್ಟೆ ಎತ್ತಿ ಎಸೆದರು. ಆಮೇಲೆ ತಾವೇ ಅನ್ನ ಬಳಿದು ಕೂತು ಅತ್ತರು. ಮೂರು ಗೆರೆ ವಿಭೂತಿ ಅರ್ಧವಾದದ್ದು ಆ ವರ್ಷವೇ.

ದೊಡ್ಡತ್ತೆಯ ಜೊತೆ ನಾನು ಒಂದು ವರ್ಷ ಮಾತು ಬಿಟ್ಟಿದ್ದೆ. ಅದು ಅನ್ಯಾಯ. ಅವರು ತಮಗೆ ಗೊತ್ತಿದ್ದದ್ದನ್ನು ಪ್ರೀತಿಯಿಂದ ಮಾಡಿದರು. ತಿಳಿದವಳೆಂದು ಬೋರ್ಡ್ ಹಾಕಿಕೊಂಡಿದ್ದವಳು ನಾನು.

ಅಂಗಡಿ ಮುಚ್ಚಿತು. ಅಪ್ಪಾಜಿ ಸುಮ್ಮನೆ ಕೂರಲಿಲ್ಲ. ಒಂದು ತಟ್ಟೆಯಲ್ಲಿ ಸಾಸಿವೆ, ಇನ್ನೊಂದು ತಟ್ಟೆ ಖಾಲಿ. ಎಡಗಣ್ಣಿಗೆ ಐಗ್ಲಾಸ್ ಇಟ್ಟುಕೊಂಡು ಚಿಮಟದಲ್ಲಿ ಒಂದೊಂದೇ ಕಾಳು ಎತ್ತಿ ಇಡುವುದು. ಮೊದಮೊದಲು ಚಿಮಟ ಕಾಳಿನ ಪಕ್ಕಕ್ಕೆ ಕಚ್ಚುತ್ತಿತ್ತು. "ಒಗ್ಗರಣೆಗೆ ಒಂದು ಕಾಳೂ ಬುಡ್ಲಿಲ್ಲವಲ್ಲ, ಎಲ್ಲಾ ನೆಲದ ಪಾಲಾಯ್ತು" ಎಂದು ಅವ್ವ ಗೊಣಗುತ್ತಿದ್ದಳು. ಸಾಸಿವೆ ಆಯಿತು, ಎಳ್ಳು ಆಯಿತು, ಕೊನೆಗೆ ಗಸಗಸೆಗೆ ಬಂದರು. ಆ ಶನಿವಾರದಿಂದ ಲೆಕ್ಕ ಹಾಕಿದರೆ ಹದಿನಾಲ್ಕು ತಿಂಗಳು ಹಿಡಿಯಿತು. ರಾಜೀವನಗರದ ಮೇಷ್ಟ್ರು ಅಷ್ಟೂ ದಿನ ಕಾದರು. ಬೇರೆ ಕಡೆ ರಿಪೇರಿಗೆ ಕೊಡಿಸುತ್ತೇನೆಂದು ನಾನು ಹೇಳಿದರೆ, "ನಿಧಾನವಾಗ್ಲಿ, ನಿಮ್ಮ ಕೈಲೇ ಆಗ್ಲಿ ಬಿಡಿ" ಅಂದಿದ್ದರು. ಆ ಹೇರ್‌ಸ್ಪ್ರಿಂಗ್ ನೇರವಾಗಿ, ವಾಚು ಟಿಕ್ ಟಿಕ್ ಅಂದ ದಿನ ಅಪ್ಪಾಜಿ ಅದನ್ನು ಎಡಗಿವಿಗೆ ಹಿಡಿದು, ಆಮೇಲೆ ನನ್ನ ಕಿವಿಗೆ ಹಿಡಿದರು.

ನನ್ನ ಎದೆಯಲ್ಲಿ ಹದಿನಾಲ್ಕು ತಿಂಗಳಿನಿಂದ ಇದ್ದದ್ದು ಆವತ್ತು ಬಾಯಿಗೆ ಬಂತು. "ಆ ಶನಿವಾರ ಮಂಜು ಅಂದ್ರಿ. ನಾನು ಗಾಜು ಒರೆಸಿಕೊಟ್ಟೆ ಅಪ್ಪಾಜಿ. ಎರಡು ಸಲ. ಒಂದ್ಸಲ ತಲೆ ಎತ್ತಿ ನಿಮ್ಮ ಕಣ್ಣು ನೋಡಿದ್ರೆ ಸಾಕಾಗಿತ್ತು" ಅಂದೆ.

ಅಪ್ಪಾಜಿ ವಾಚಿನ ಮುಚ್ಚಳ ಒತ್ತಿ ಕೂರಿಸಿದರು. "ಗಾಜಲ್ಲ ಅಂತ ನಂಗೆ ಗೊತ್ತಿತ್ತು ಕಣಮ್ಮ. ನೀನು ಮೊದಲನೇ ಸಲ ಒರೆಸಿಕೊಟ್ಟಾಗಲೇ ಎಡಗಣ್ಣಿಗೆ ಇಟ್ಟು ನೋಡ್ದೆ. ಚೊಕ್ಕಟವಾಗಿ ಕಾಣ್ತಿತ್ತು."

"ಮತ್ತೆ ಎರಡನೇ ಸಲ ಯಾಕೆ ಕೊಟ್ರಿ?"

"ನೀನು ಒರೆಸೋ ಅಷ್ಟು ಹೊತ್ತು ಗಾಜಿನ ಮೇಲೇ ಇರೋದು ಅಂತ ಅನ್ಕೋಬೋದಿತ್ತಲ್ಲ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಹೇಳಬಾರದಿತ್ತೇ, ಒಂದು ಮಾತು ಬಾಯಿಬಿಟ್ಟು ಹೇಳಬಾರದಿತ್ತೇ ಎಂದು ಕಿರುಚಿದೆ. ಎರಡು ದಿನ ಪೂರ್ತಿ ಉಳಿಯುತ್ತಿತ್ತು. ಅಪ್ಪಾಜಿ ತಲೆ ತಗ್ಗಿಸಿ, "ಎದ್ರುಕೊಂಡ್ಬುಟ್ಟೆ" ಅಂದರು. ಅಷ್ಟೇ. ಲೋಟ ಹುಡುಕಿದ್ದನ್ನು ನೋಡಿಯೂ ನಾನು ಸುಮ್ಮನಿದ್ದದ್ದು ಅದಕ್ಕೇ ತಾನೆ.

ಶಾಲೆಯಲ್ಲಿ ಆ ವಾಕ್ಯ ಬದಲಾಯಿಸಿದೆ. ಕೆಲವು ವೈರಸ್‌ಗಳಿಗೆ ಔಷಧಿ ಇದೆ, ಹೊತ್ತು ಮೀರುವ ಮುಂಚೆ ಕೊಡಬೇಕು, ಹೋಯಿತು ಅಂದುಕೊಂಡದ್ದು ಮೈಯೊಳಗೇ ಇರಬಹುದು ಎಂದು ಬರೆಸುತ್ತೇನೆ. ಪಿಯುಸಿಯಲ್ಲಿ ಬಂದದ್ದು ನನ್ನೊಳಗೂ ಎಲ್ಲೋ ಕೂತಿದೆ. ಪಕ್ಕೆಯಲ್ಲಿ ಚಳುಕು ಬಂದರೆ ಈಗಲೂ ಕನ್ನಡಿಗೆ ಓಡುತ್ತೇನೆ.

ಇದಾಗಿ ನಾಲ್ಕು ವರ್ಷ. ನಾವು ದಟ್ಟಗಳ್ಳಿಯ ಹೊಸ ಮನೆಗೆ ಬಂದಿದ್ದೆವು. ಕಿಟಕಿಯ ಪಕ್ಕದ ಅದೇ ಮೇಜು, ಎಡಗಣ್ಣಿಗೆ ಅದೇ ಐಗ್ಲಾಸ್. ಅಕ್ಕಪಕ್ಕದವರ ವಾಚುಗಳು ಒಂದೊಂದಾಗಿ ಬರುತ್ತಿದ್ದವು. ಡಿಸೆಂಬರಿನ ಒಂದು ಬೆಳಿಗ್ಗೆ ನಾನು ಕಾಫಿ ತಂದು ಮೇಜಿನ ಮೇಲಿಟ್ಟೆ. ಅಪ್ಪಾಜಿ ಐಗ್ಲಾಸ್ ತೆಗೆದರು, ಮತ್ತೆ ಸಿಕ್ಕಿಸಿದರು, ಮತ್ತೆ ತೆಗೆದರು.

"ಮಂಜು ಕಟ್ಟದೆ ಕಣಮ್ಮ" ಎಂದು ನನ್ನ ಕಡೆ ಚಾಚಿದರು.

ಈ ಸಲ ನಾನು ಒರೆಸಲಿಲ್ಲ. ನೇರ ನನ್ನ ಕಣ್ಣಿಗೆ ಇಟ್ಟುಕೊಂಡೆ. ಎಲ್ಲ ಬೆಳ್ಳಗೆ, ಏನೂ ಕಾಣದು. ಬೆರಳಿನಿಂದ ಮುಟ್ಟಿದೆ, ಒದ್ದೆ. ಕಾಫಿಯ ಹಬೆ. ಗಾಜಿನ ಮೇಲೆಯೇ ಇತ್ತು. ನಾನು ಅಲ್ಲೇ ನೆಲದ ಮೇಲೆ ಕೂತು ಚಿಕ್ಕ ಮಗುವಿನ ಹಾಗೆ ಅತ್ತೆ. "ಗಾಜೇ ಅಪ್ಪಾಜಿ, ಬರೀ ಗಾಜು" ಅನ್ನುತ್ತಾ ಸೆರಗಿನಿಂದ ಒರೆಸಿ ಒರೆಸಿ ಕೊಟ್ಟೆ.

ಅಪ್ಪಾಜಿ ಅದನ್ನು ತೆಗೆದುಕೊಂಡರು. "ಹಂಗಾದ್ರೆ ಸರಿ ಬುಡು. ಆವತ್ತಿನಂಗೆ ಬದಲಾಯಿಸಿ ನೋಡೋಕೆ ನಂಗೆ ಇನ್ನೊಂದು ಕಣ್ಣಿಲ್ಲವಲ್ಲ ಕಣಮ್ಮ. ಅದಕ್ಕೇ ನಿನ್ನ ಕೈಗೆ ಕೊಟ್ಟೆ" ಅಂದರು.